ಮಗುವಿನ ಮಾತಿಗೆ ಮರುಮಾತು

‘ತಟ್ಟು’ ಎಂದು ಒಮ್ಮೆ ನಿಧಾನವಾಗಿ ಹೇಳಿ ನೋಡಿ. ನಾಲಗೆಯ ತುದಿ ಮೊದಲು ಹಲ್ಲಿನ ಹಿಂಬದಿಗೆ ತಾಗುತ್ತದೆ. ಆಮೇಲೆ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟುತ್ತದೆ. ತ ಬೇರೆ, ಟ ಬೇರೆ ಎಂಬುದು ಕನ್ನಡದ ಕಿವಿಗೆ ಎಷ್ಟು ಸಹಜವೆಂದರೆ ಅದನ್ನು ಯಾವಾಗ ಕಲಿತೆವು ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ಇಂಗ್ಲಿಷಿನಲ್ಲೇ ಬೆಳೆದ ವಯಸ್ಕರಿಗೆ ಈ ಎರಡು ಧ್ವನಿಗಳು ಸಾಮಾನ್ಯವಾಗಿ ಒಂದೇ ಆಗಿ ಕೇಳುತ್ತವೆ. ಹಾಗಾದರೆ ಅವರ ಎಳೆಗೂಸುಗಳ ಕಿವಿ ಹೇಗಿರುತ್ತದೆ? ಕೆನಡಾದ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಈ ಪ್ರಶ್ನೆಯನ್ನು ಪರೀಕ್ಷಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿಯ ತ ಮತ್ತು ಟ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಧ್ವನಿ ಬದಲಾದಾಗ ಮಗು ತಲೆ ತಿರುಗಿಸಿದರೆ ಪಕ್ಕದಲ್ಲಿ ಆಟಿಕೆಯೊಂದು ಬೆಳಗಿ ಕುಣಿಯುತ್ತಿತ್ತು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸವನ್ನು ಸರಿಯಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಗುರುತಿಸುವ ಮಕ್ಕಳು ಬೆರಳೆಣಿಕೆಯಷ್ಟು ಉಳಿದರು. ಹಿಂದಿ ಮನೆಗಳ ಅದೇ ವಯಸ್ಸಿನ ಮಕ್ಕಳಿಗೆ ಮಾತ್ರ ಆ ಶಕ್ತಿ ಹಾಗೆಯೇ ಇತ್ತು.

ಹುಟ್ಟುವ ಮಗು ಭೂಮಿಯ ಯಾವ ಭಾಷೆಗೂ ಸಿದ್ಧವಾಗಿಯೇ ಬರುತ್ತದೆ. ಮೊದಲ ಹುಟ್ಟುಹಬ್ಬದೊಳಗೆ ಅದರ ಕಿವಿ ಮನೆಯ ಮಾತಿಗೆ ಹದಗೊಂಡುಬಿಡುತ್ತದೆ. ಈ ಪಾಠವನ್ನು ಕಲಿಸಿದವರು ಯಾರು? ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ಉತ್ತರ ಸ್ಪಷ್ಟ. ಅವ್ವ, ಆಯಿ, ಮುತ್ಯಾ, ಕಾಕಿ, ಸೊಂಟದ ಮೇಲೆ ಎತ್ತಿಕೊಂಡು ತಿರುಗುವ ಅಕ್ಕ. ಮಗು ಮೂರು ವರ್ಷ ತುಂಬಿ ಅಂಗನವಾಡಿಯ ಹೊಸ್ತಿಲು ದಾಟುವಾಗ ಅದರ ಜೀವನದ ಅತಿ ವೇಗದ ಕಲಿಕೆ ಬಹುಪಾಲು ನಡೆದುಹೋಗಿರುತ್ತದೆ. ಶಿಶು ಶಿಕ್ಷಣದಲ್ಲಿ ತಂದೆತಾಯಿಯರನ್ನು ‘ತೊಡಗಿಸಿಕೊಳ್ಳಬೇಕು’ ಎಂದು ಇಲಾಖೆಯ ಸುತ್ತೋಲೆಗಳು ಹೇಳುತ್ತವೆ. ವಿಜ್ಞಾನ ಹೇಳುವುದು ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು: ಅವರು ತೊಡಗಿಯೇ ಇದ್ದಾರೆ. ಆ ಕೆಲಸ ಎಷ್ಟು ದೊಡ್ಡದು ಎಂಬುದನ್ನು ಅವರಿಗೆ ತಿಳಿಸಿ, ಅದನ್ನು ಇನ್ನಷ್ಟು ಚೆನ್ನಾಗಿ ಮಾಡಲು ಜೊತೆ ನಿಲ್ಲಬೇಕಾದವರು ನಾವು.

ಮಿದುಳು ಉತ್ತರಕ್ಕೆ ಕಾಯುತ್ತದೆ

ಹುಟ್ಟಿದಾಗ ಮಗುವಿನ ಮಿದುಳಿನ ತೂಕ ವಯಸ್ಕರ ಮಿದುಳಿನ ಸುಮಾರು ಕಾಲು ಭಾಗದಷ್ಟು. ಐದಾರು ವರ್ಷಕ್ಕೆ ಅದು ಶೇ 90ರ ಆಸುಪಾಸು ಮುಟ್ಟುತ್ತದೆ. ನರಕೋಶಗಳು ಬಹುತೇಕ ಹುಟ್ಟುವ ಮೊದಲೇ ತಯಾರಾಗಿರುತ್ತವೆ. ಆಮೇಲೆ ವೇಗವಾಗಿ ಬೆಳೆಯುವುದು ಅವುಗಳ ನಡುವಿನ ಸಂಪರ್ಕಗಳು. ಮೊದಲ ಕೆಲವು ವರ್ಷಗಳಲ್ಲಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ಸಂಪರ್ಕಗಳು ಮೂಡುತ್ತವೆ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಶು ಬೆಳವಣಿಗೆ ಕೇಂದ್ರ ಅಂದಾಜಿಸಿದೆ. ಮಿದುಳು ಬೇಕಾದ್ದಕ್ಕಿಂತ ಹೆಚ್ಚು ಸಂಪರ್ಕಗಳನ್ನು ಹೆಣೆಯುತ್ತದೆ. ಮತ್ತೆ ಮತ್ತೆ ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಬೀಳುತ್ತವೆ. ಎರೆಹೊಲದಲ್ಲಿ ಜನ ನಡೆದಾಡಿದ ಕಡೆ ಕಾಲ್ದಾರಿ ಉಳಿಯುತ್ತದೆ, ಕಾಲಿಡದ ಕಡೆ ಹುಲ್ಲು ಮುಚ್ಚುತ್ತದೆ. ಮಿದುಳಿನೊಳಗಿನ ದಾರಿಗಳ ಕಥೆಯೂ ಹಾಗೆಯೇ. ಇಂಗ್ಲಿಷ್ ಮನೆಯ ಮಗು ತ–ಟ ವ್ಯತ್ಯಾಸವನ್ನು ಕಳೆದುಕೊಂಡದ್ದು ಹೀಗೆ. ನಮ್ಮ ಮಗು ಉಳಿಸಿಕೊಂಡದ್ದೂ ಹೀಗೆ.

ಹಾಗಾದರೆ ಕಿವಿಗೆ ಧ್ವನಿ ಬಿದ್ದರೆ ಸಾಕೇ? ಟಿವಿ, ಮೊಬೈಲು ದಿನವಿಡೀ ಮಾತಾಡುತ್ತಲೇ ಇರುತ್ತವಲ್ಲ? ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಟ್ಟಿತು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಜೊತೆ ಚೀನಾದ ಮ್ಯಾಂಡರಿನ್ ಭಾಷೆ ಆಡುವವರು ಕುಳಿತು ಆಟವಾಡಿದರು, ಪುಸ್ತಕ ತೋರಿಸಿದರು. ತಲಾ 25 ನಿಮಿಷದ 12 ಸರದಿಗಳು, ಅಷ್ಟೇ. ಆ ಕೂಸುಗಳು ಮ್ಯಾಂಡರಿನ್ ಧ್ವನಿಗಳನ್ನು ಗುರುತಿಸುವುದರಲ್ಲಿ ಹುಟ್ಟಿನಿಂದ ಆ ಭಾಷೆ ಕೇಳಿದ ಮಕ್ಕಳ ಸಮಕ್ಕೆ ಬಂದವು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಅಷ್ಟೇ ಹೊತ್ತು. ಆದರೆ ಪರದೆಯ ಮೇಲೆ. ಅವು ಏನನ್ನೂ ಕಲಿಯಲಿಲ್ಲ. ಬರಿಯ ಧ್ವನಿಮುದ್ರಣ ಕೇಳಿದ ಗುಂಪೂ ಕಲಿಯಲಿಲ್ಲ.

ಪರದೆಯಲ್ಲಿ ಇಲ್ಲದ್ದು ಏನು? ಮಗು ನೋಡಿದ ಕಡೆ ಪರದೆ ನೋಡುವುದಿಲ್ಲ. ಮಗು ‘ಆ’ ಎಂದರೆ ತಿರುಗಿ ‘ಏನ್ ಬೇಕವ್ವ?’ ಎನ್ನುವುದಿಲ್ಲ. ಈ ಮರುಮಾತಿಗೆ ಕೂಸು ಎಷ್ಟು ಹಸಿದಿರುತ್ತದೆ ಎಂಬುದನ್ನು 1970ರ ದಶಕದಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ತೋರಿಸಿದರು. ತಾಯಿ ಕೆಲವು ನಿಮಿಷ ಕೂಸನ್ನು ಆಡಿಸಬೇಕು, ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ನೋಡುತ್ತ ಕೂರಬೇಕು. ಕೂಸು ಮೊದಲು ನಗುತ್ತದೆ, ಕೈಚಾಚುತ್ತದೆ, ಕೂಗುತ್ತದೆ. ತನಗೆ ತಿಳಿದ ಉಪಾಯಗಳನ್ನೆಲ್ಲ ಹೂಡುತ್ತದೆ. ಯಾವುದೂ ಫಲಿಸದಾಗ ಮುಖ ತಿರುಗಿಸಿ ಮುದುಡಿಕೊಳ್ಳುತ್ತದೆ. ಟ್ರಾನಿಕ್ ಕಂಡುಕೊಂಡ ಇನ್ನೊಂದು ಸಂಗತಿ ಎಲ್ಲ ತಾಯಂದಿರಿಗೂ ಗೊತ್ತಾಗಬೇಕು. ಆರೋಗ್ಯವಾಗಿರುವ ತಾಯಿ–ಮಗುವಿನ ಆಟದಲ್ಲಿಯೂ ಹೆಚ್ಚಿನ ಹೊತ್ತು ಇಬ್ಬರ ತಾಳ ಕೂಡಿರುವುದಿಲ್ಲ. ತಾಳ ತಪ್ಪುತ್ತದೆ, ಮತ್ತೆ ಕೂಡುತ್ತದೆ. ಮಗು ಬೆಳೆಯುವುದು ಈ ಮತ್ತೆ ಕೂಡುವುದರಿಂದ. ದಿನವಿಡೀ ಮಗುವಿನ ಮುಂದೆಯೇ ಕುಳಿತಿರಬೇಕು ಎಂಬ ಭಾರವನ್ನು ಯಾರೂ ಹೊರಬೇಕಾಗಿಲ್ಲ.

ಮಾತಿನ ಸರದಿ ಮಿದುಳಿನೊಳಗೂ ಗುರುತು ಬಿಡುತ್ತದೆ. ರೇಚಲ್ ರೋಮಿಯೋ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮನೆಯ ಮಾತನ್ನು ಧ್ವನಿಮುದ್ರಿಸಲಾಯಿತು. ಆ ಮಕ್ಕಳು ಕಥೆ ಕೇಳುವಾಗ ಮಿದುಳಿನ ಚಿತ್ರವನ್ನೂ ತೆಗೆಯಲಾಯಿತು. ದೊಡ್ಡವರ ಜೊತೆ ಮಾತಿಗೆ ಮಾತು ಹೆಚ್ಚು ನಡೆದ ಮಕ್ಕಳಲ್ಲಿ ಭಾಷೆಯನ್ನು ನಿರ್ವಹಿಸುವ ಬ್ರೋಕಾ ಭಾಗ ಹೆಚ್ಚು ಚುರುಕಾಗಿತ್ತು. ಮನೆಯ ಆದಾಯ ಎಷ್ಟು, ದೊಡ್ಡವರು ಒಟ್ಟು ಎಷ್ಟು ಮಾತಾಡಿದರು ಎಂಬುದನ್ನು ಬದಿಗಿಟ್ಟು ನೋಡಿದಾಗಲೂ ಈ ವ್ಯತ್ಯಾಸ ಉಳಿಯಿತು. ಮಗುವಿನ ಕಿವಿಗೆ ಮಾತು ಸುರಿಯುವುದಕ್ಕಿಂತ ಮಗು ಆಡಿದ್ದಕ್ಕೆ ಉತ್ತರ ಕೊಡುವುದು ಮುಖ್ಯ ಎಂಬುದನ್ನು ಈ ಸಣ್ಣ ಅಧ್ಯಯನ ಮಿದುಳಿನ ಚಿತ್ರದಲ್ಲೇ ತೋರಿಸಿತು.

ಜಮೈಕಾದ ಖಾಲಿ ಬಾಟಲಿಗಳು

ಇದೆಲ್ಲ ಪ್ರಯೋಗಾಲಯದ ಮಾತಾಯಿತು. ಊಟಕ್ಕೇ ತತ್ವಾರವಿರುವ ಮನೆಯಲ್ಲಿ ಇದು ನಡೆಯುತ್ತದೆಯೇ? ಇದಕ್ಕೆ ಉತ್ತರ ಕೊಟ್ಟದ್ದು ಜಮೈಕಾ. ಸ್ಯಾಲಿ ಗ್ರ್ಯಾಂಥಮ್-ಮೆಕ್‌ಗ್ರೆಗರ್ ನೇತೃತ್ವದಲ್ಲಿ ಸಂಶೋಧಕರು 1986–87ರಲ್ಲಿ ರಾಜಧಾನಿ ಕಿಂಗ್‌ಸ್ಟನ್‌ನ ಬಡ ಕೇರಿಗಳಿಂದ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ 9ರಿಂದ 24 ತಿಂಗಳ ಒಳಗಿನವರು, ಅಪೌಷ್ಟಿಕತೆಯಿಂದ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪೌಷ್ಟಿಕ ಪುಡಿ. ಇನ್ನೊಂದಕ್ಕೆ ವಾರಕ್ಕೊಂದು ತಾಸು ಆರೋಗ್ಯ ಕಾರ್ಯಕರ್ತೆಯ ಮನೆಭೇಟಿ. ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಯಾವುದೂ ಇಲ್ಲ. ಇದು ಎರಡು ವರ್ಷ ನಡೆಯಿತು.

ಮನೆಗೆ ಬರುತ್ತಿದ್ದ ಕಾರ್ಯಕರ್ತೆಯರು ಹೆಚ್ಚು ಓದಿದವರಲ್ಲ. ಅವರ ಚೀಲದಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ, ರಟ್ಟು, ಬಟ್ಟೆಚೂರುಗಳಿಂದ ಮಾಡಿದ ಆಟಿಕೆಗಳಿರುತ್ತಿದ್ದವು. ಅವರು ಮಗುವಿಗೆ ಪಾಠ ಹೇಳಿ ಹೊರಟುಹೋಗುತ್ತಿರಲಿಲ್ಲ. ತಾಯಿ ಮಗುವನ್ನು ಆಡಿಸುವಂತೆ ಮಾಡಿ, ಆಕೆ ಚೆನ್ನಾಗಿ ಮಾಡಿದ್ದನ್ನು ಮೆಚ್ಚಿ, ಆಟಿಕೆಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಮುಂದಿನ ವಾರ ಅದರ ಬದಲು ಬೇರೆ ಆಟಿಕೆ. ಎರಡು ವರ್ಷದ ಕೊನೆಗೆ ಹಾಲಿನ ಪುಡಿಯೂ ಮನೆಭೇಟಿಯೂ ಮಕ್ಕಳ ಬೆಳವಣಿಗೆಗೆ ನೆರವಾದದ್ದು ಕಂಡಿತು; ಎರಡೂ ಸಿಕ್ಕ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಸುಮಾರು 20 ವರ್ಷ ಕಳೆದ ಮೇಲೆ ಸಂಶೋಧಕರು ಆ ಮಕ್ಕಳನ್ನು ಮತ್ತೆ ಹುಡುಕಿದರು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ಮನೆಭೇಟಿ ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಬಾಲ್ಯದಲ್ಲಿ ಕುಂಠಿತರಾಗದಿದ್ದ ನೆರೆಹೊರೆಯ ಮಕ್ಕಳ ಸಮಕ್ಕೆ ಅವರು ಬಂದು ನಿಂತಿದ್ದರು. ಬರಿಯ ಹಾಲಿನ ಪುಡಿ ಸಿಕ್ಕ ಗುಂಪಿನಲ್ಲಿ ಈ ದೂರದ ಫಲ ಕಾಣಲಿಲ್ಲ.

ಆದ್ದರಿಂದ ಊಟ ಬೇಡ ಎಂದು ಯಾರೂ ಓದಿಕೊಳ್ಳಬಾರದು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕಲ್ಯಾಣ ಕರ್ನಾಟಕದಲ್ಲಿ ಈ ಸಂಕಟ ರಾಜ್ಯದ ಸರಾಸರಿಗಿಂತ ಆಳವಾಗಿದೆ. ಹಸಿದ ಮಗು ಆಡುವುದಿಲ್ಲ, ರಕ್ತಹೀನತೆಯಿಂದ ಬಳಲುವ ತಾಯಿಗೆ ಆಡಿಸುವ ಶಕ್ತಿಯೂ ಇರುವುದಿಲ್ಲ. ಜಮೈಕಾ ಕಲಿಸಿದ್ದು ಇಷ್ಟು: ತಟ್ಟೆಯಲ್ಲಿ ಅನ್ನ ಬಡಿಸುವಾಗ ಅದರ ಜೊತೆಗೆ ಎರಡು ಮಾತನ್ನೂ ಬಡಿಸಬೇಕು.

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಊರಿನಲ್ಲಿ 1962ರಿಂದ 1967ರವರೆಗೆ ನಡೆದ ಪೆರ್ರಿ ಶಿಶುಶಾಲೆಯ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ. ಬಡ ಕಪ್ಪುವರ್ಣೀಯ ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಶಿಶುಶಾಲೆ ಸಿಕ್ಕಿತು. ನಲವತ್ತನೆಯ ವಯಸ್ಸಿನಲ್ಲೂ ಅವರು ಉಳಿದವರಿಗಿಂತ ಹೆಚ್ಚು ಗಳಿಸುತ್ತಿದ್ದರು, ಜೈಲು ಪೊಲೀಸು ಎಂದು ಅಲೆದದ್ದು ಕಡಿಮೆ. ಉದಾಹರಿಸುವವರು ಹೆಚ್ಚಾಗಿ ಬಿಟ್ಟುಬಿಡುವ ವಿವರವೊಂದಿದೆ. ಆ ಶಾಲೆಯ ಶಿಕ್ಷಕಿಯರು ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೆ ಹೋಗಿ ಒಂದೂವರೆ ತಾಸು ತಾಯಿ ಮತ್ತು ಮಗುವಿನ ಜೊತೆ ಕೂರುತ್ತಿದ್ದರು. ಜಗತ್ತಿನ ಅತ್ಯಂತ ಪ್ರಸಿದ್ಧ ಶಿಶುಶಾಲೆಯ ಯೋಜನೆಯಲ್ಲಿ ಮನೆಯೂ ಶಾಲೆಯ ಭಾಗವೇ ಆಗಿತ್ತು.

‘ನಾವೇನ್ ಸಾಲಿ ಕಲ್ತೀವ್ರೀ’

ಕಲಬುರಗಿ ಸೀಮೆಯ ಯಾವ ಅಂಗನವಾಡಿಯಲ್ಲಾದರೂ ತಾಯಂದಿರ ಸಭೆ ಕರೆದರೆ ಈ ಮಾತು ಬಂದೇ ಬರುತ್ತದೆ: “ನಾವೇನ್ ಸಾಲಿ ಕಲ್ತೀವ್ರೀ ಟೀಚರ್, ನಮಗೇನ್ ತಿಳೀತದ. ನೀವೇ ಕಲಸ್ರಿ.” ಇದರಲ್ಲಿ ಟೀಚರ್ ಮೇಲಿನ ಗೌರವವಿದೆ, ತನ್ನ ಮೇಲಿನ ಅಪನಂಬಿಕೆಯೂ ಇದೆ. ಆ ಅಪನಂಬಿಕೆ ನಿಜವಾದ ಅಡ್ಡಿ. ಯಾಕೆಂದರೆ ತನ್ನ ಮಾತಿನಿಂದ ಮಗುವಿಗೆ ಏನೂ ಆಗುವುದಿಲ್ಲ ಎಂದು ನಂಬಿದ ತಾಯಿ ಮಗುವಿನ ಜೊತೆ ಮಾತು ಬೆಳೆಸುವುದಿಲ್ಲ.

ಆದರೆ ಅಕ್ಷರ ಬಾರದವರೂ ಈ ಕೆಲಸ ಮಾಡಬಲ್ಲರು ಎಂಬುದಕ್ಕೆ ನಮ್ಮ ದೇಶದ್ದೇ ಪುರಾವೆಗಳಿವೆ. ಬಿಹಾರ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ‘ಪ್ರಥಮ್’ ಸಂಸ್ಥೆಯ ಜೊತೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕೆಲವು ತಾಯಂದಿರಿಗೆ ಅಕ್ಷರ ಕಲಿಸಲಾಯಿತು, ಕೆಲವರಿಗೆ ಮನೆಯಲ್ಲಿ ಮಗುವಿನ ಕಲಿಕೆಗೆ ನೆರವಾಗುವ ಚಟುವಟಿಕೆಗಳನ್ನು ತೋರಿಸಲಾಯಿತು, ಕೆಲವರಿಗೆ ಎರಡೂ. ಮೂರೂ ಕಡೆ ಮಕ್ಕಳ ಗಣಿತ ಸುಧಾರಿಸಿತು. ಸುಧಾರಣೆ ದೊಡ್ಡದಲ್ಲ, ಸಾಧಾರಣ. ಮಕ್ಕಳು ಶಾಲೆಗೆ ಸೇರುವ ವಯಸ್ಸಿಗೆ ಬಂದಮೇಲೆ ಶುರುವಾದ ಕೆಲಸದ ಫಲ ಅದು.

ಇನ್ನೂ ಎಳೆಯ ವಯಸ್ಸಿನಲ್ಲಿ ಶುರುಮಾಡಿದರೆ? ಜಮೈಕಾದ ಪಾಠಕ್ರಮವನ್ನೇ ನಮ್ಮ ನಾಡಿಗೆ ಹೊಂದಿಸಿಕೊಂಡು ಒಡಿಶಾದ 192 ಹಳ್ಳಿಗಳಲ್ಲಿ 1,400ಕ್ಕೂ ಹೆಚ್ಚು ಮಕ್ಕಳೊಂದಿಗೆ ಎರಡು ವರ್ಷ ಕೆಲಸ ನಡೆಯಿತು. ಶುರುವಿನಲ್ಲಿ ಮಕ್ಕಳಿಗೆ 7ರಿಂದ 16 ತಿಂಗಳು. ಕೆಲವು ಊರುಗಳಲ್ಲಿ ವಾರಕ್ಕೊಮ್ಮೆ ಮನೆಭೇಟಿ, ಕೆಲವು ಕಡೆ ವಾರಕ್ಕೊಮ್ಮೆ ತಾಯಂದಿರ ಚಿಕ್ಕ ಗುಂಪು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಕಡೆ ಮಕ್ಕಳ ಗ್ರಹಿಕೆಯೂ ಭಾಷೆಯೂ ಸ್ಪಷ್ಟವಾಗಿ ಬೆಳೆದವು, ಮತ್ತು ಹೆಚ್ಚುಕಡಿಮೆ ಸಮವಾಗಿ ಬೆಳೆದವು. ಗುಂಪಿಗೆ ತಗಲಿದ ಖರ್ಚು ಮಾತ್ರ ಬಹಳ ಕಡಿಮೆ. ಪ್ರತಿ ಮನೆಗೂ ಒಬ್ಬರನ್ನು ಕಳಿಸಲು ಹಣವೂ ಜನರೂ ಇಲ್ಲದ ನಾಡಿಗೆ ಇದು ಬಹುದೊಡ್ಡ ಸುದ್ದಿ. ಓಣಿಯ ಕೆಲವು ತಾಯಂದಿರು ಕೂಸುಗಳೊಂದಿಗೆ ವಾರಕ್ಕೊಮ್ಮೆ ಕೂಡಿದರೆ ಸಾಕು ಎಂದಾಯಿತು. ಕಿಣ್ಣಿ ಸುಲ್ತಾನದಲ್ಲಿ ಹೆಣ್ಣುಮಕ್ಕಳು ಕಟ್ಟೆಗೆ ಕೂತು ಹೇಗೂ ಕೂಡಿಯೇ ಇರುತ್ತಾರೆ.

ಅಂಗಳದಿಂದ ಬಂದ ಶಾಲೆ

ನಮ್ಮ ಅಂಗನವಾಡಿ ಮನೆಯಂಗಳದಲ್ಲೇ ಹುಟ್ಟಿತು. ತಾರಾಬಾಯಿ ಮೋಡಕ್ 1945ರಲ್ಲಿ ಮುಂಬೈ ಉತ್ತರದ ಕರಾವಳಿಯ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೇಂದ್ರ ತೆರೆದರು. ಕಡುಬಡವರ ಮಕ್ಕಳು ಕೇಂದ್ರಕ್ಕೆ ಬರಲಿಲ್ಲ. ಆಗ ತಾರಾಬಾಯಿ ಮತ್ತು ಅನುತಾಯಿ ವಾಘ್ ಆ ಮಕ್ಕಳ ಕೇರಿಗೇ ಹೋಗಿ ಅಂಗಳದಲ್ಲಿ ಪಾಠ ಶುರುಮಾಡಿದರು. ಎಲೆ, ಬೀಜ, ಕಲ್ಲು, ಮಣ್ಣು ಅವರ ಪಾಠೋಪಕರಣ. ದೊಡ್ಡವರು ತಮ್ಮ ಕೆಲಸ ಮಾಡುತ್ತಲೇ ಪಾಠ ನೋಡುತ್ತಿದ್ದರು. ಮುಂದೆ ಕೋಸಬಾಡದ ಆದಿವಾಸಿಗಳ ನಡುವೆ ಅವರು ಇದೇ ಕೆಲಸವನ್ನು ಬೆಳೆಸಿದರು. ಅಂಗನವಾಡಿ ಎಂಬ ಹೆಸರೂ ಕಲ್ಪನೆಯೂ ಅಲ್ಲಿಂದ ಬಂದವು.

ಕೇಂದ್ರ ಸರ್ಕಾರ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಕಣ್ಣುಬಿಟ್ಟಿತು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿ ಕೇಂದ್ರಗಳಿವೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ: ಈ ಆರೂ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಹೆಗಲ ಮೇಲಿವೆ. ಇಷ್ಟು ಕೆಲಸಗಳ ನಡುವೆ ತಾಯಿ ‘ಫಲಾನುಭವಿ’ಯಾಗಿ ಉಳಿದಳು. ಆಕೆ ಪುಷ್ಟಿ ಪೊಟ್ಟಣ ಒಯ್ಯಲು ಬರುತ್ತಾಳೆ, ಮಗುವನ್ನು ತೂಕಕ್ಕೆ ತರುತ್ತಾಳೆ, ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಹೋಗುತ್ತಾಳೆ. ಕಲಿಸುವವಳಾಗಿ ಆಕೆಯನ್ನು ಕರೆಯುವುದು ಅಪರೂಪ.

ಹಾಗೆ ಕರೆಯಲು ಬೇಕಾದ ಬಾಗಿಲುಗಳೆಲ್ಲ ಈಗಾಗಲೇ ಇವೆ. ಪ್ರತಿ ಅಂಗನವಾಡಿಗೂ ತಾಯಂದಿರಿರುವ ಬಾಲವಿಕಾಸ ಸಮಿತಿ ಇದೆ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯ ಬೆನ್ನಿಗೆ, ತಿಂಗಳಿಗೊಂದು ದಿನ ತಂದೆತಾಯಿಯರನ್ನು ಕೇಂದ್ರಕ್ಕೆ ಕರೆದು ಮಕ್ಕಳ ಕಲಿಕೆ ತೋರಿಸುವ ಪದ್ಧತಿ ಬಂತು. ರಾಜ್ಯ ಸರ್ಕಾರದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾದಾಗ, ಗರ್ಭಿಣಿಯರೂ ಬಾಣಂತಿಯರೂ ಮಧ್ಯಾಹ್ನ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು ಎಂಬುದು ಅದರ ಆಶಯವಾಗಿತ್ತು. ಕೂಸು ಹುಟ್ಟುವ ಮೊದಲಿನಿಂದಲೇ ತಾಯಿ ನಿತ್ಯ ಬಂದು ಕೂರುವ ಜಾಗ ಅದು. ಊಟದ ನಂತರದ ಹತ್ತು ನಿಮಿಷ ಕೂಸನ್ನು ಮಾತಾಡಿಸುವ ಬಗೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ‘ನವಚೇತನ’ ಎಂಬ ಕೈಪಿಡಿಯನ್ನು ಹೊರತಂದಿತು. ಹುಟ್ಟಿನಿಂದ ಮೂರು ವರ್ಷದವರೆಗೆ, ತಿಂಗಳು ತಿಂಗಳಿಗೆ ಮಗುವಿನ ಜೊತೆ ಮನೆಯಲ್ಲಿ ಏನು ಆಡಬಹುದು ಎಂಬ 36 ತಿಂಗಳ ಚಟುವಟಿಕೆಗಳು ಅದರಲ್ಲಿವೆ. ಕಾರ್ಯಕರ್ತೆಯ ಕಪಾಟಿನಿಂದ ತಾಯಿಯ ಮಡಿಲಿಗೆ ಆ ಕೈಪಿಡಿಯನ್ನು ತಲುಪಿಸುವ ಕೆಲಸ ಮುಂದಿದೆ.

ಒಲೆಯ ಮುಂದೆ, ಹೊಲದ ಬದುವಿನ ಮೇಲೆ

ಕೈಪಿಡಿ ತಲುಪುವ ಮೊದಲೂ ಮನೆಯಲ್ಲಿ ಬೇಕಾದಷ್ಟು ಇದೆ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ, ನಾಲ್ಕು ವರ್ಷದ ಮಗು ಪಕ್ಕದಲ್ಲಿ ಕೂತಿದೆ ಎಂದುಕೊಳ್ಳಿ.

“ಯವ್ವ, ರೊಟ್ಟಿ ಉಬ್ಯದ!”

“ಹೌದಲ್ಲ! ಯಾಕ್ ಉಬ್ಯದ ಹೇಳು?”

“ಹೊಟ್ಟಿ ತುಂಬ್ಯದ.”

“ಅದರ ಹೊಟ್ಟ್ಯಾಗ ಏನ್ ತುಂಬ್ಯದ?”

“ಗಾಳಿ!”

“ಬಿಸಿ ಗಾಳಿ. ಮುಟ್ಟಬ್ಯಾಡ, ಸುಡ್ತದ. ಊದು, ಆರ್ತದ.”

ಅರ್ಧ ನಿಮಿಷವೂ ಹಿಡಿಯದ ಮಾತು. ರೊಟ್ಟಿ ಬಡಿಯುವ ಕೈ ನಿಂತಿಲ್ಲ. ಇಷ್ಟರಲ್ಲೇ ಮಗು ತಾನು ಕಂಡದ್ದನ್ನು ಹೇಳಿತು, ಕಾರಣ ಹುಡುಕಿತು, ಊಹಿಸಿತು. ಅದರ ‘ಗಾಳಿ’ಗೆ ಅವ್ವ ‘ಬಿಸಿ’ ಎಂಬ ಮಾತು ಸೇರಿಸಿದಳು, ಊದಿ ನೋಡುವ ಪ್ರಯೋಗವನ್ನೂ ಕೊಟ್ಟಳು. ‘ಸುಮ್ನ ಕೂಡು, ಸುಡ್ತದ’ ಎಂದಿದ್ದರೆ ಮಗುವಿನ ಕೈ ಸುಡದೆ ಉಳಿಯುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಧ್ಯಯನಗಳು ‘ಮಾತಿನ ಸರದಿ’ ಎಂದು ಎಣಿಸುವುದು ಇಂಥ ಉತ್ತರ–ಪ್ರತ್ಯುತ್ತರಗಳನ್ನೇ.

ತೊಗರಿ ಹಸನು ಮಾಡುವಾಗ ಹರಳು, ಹೊಟ್ಟು, ಒಡೆದ ಕಾಳುಗಳನ್ನು ಬೇರೆ ಬೇರೆ ಗುಡ್ಡೆ ಮಾಡುವ ಮಗು ವರ್ಗೀಕರಣ ಮಾಡುತ್ತಿದೆ. ಯಾವ ಗುಡ್ಡೆ ದೊಡ್ಡದು, ಯಾವುದು ಸಣ್ಣದು ಎಂದು ಕೇಳಿದರೆ ಅಂಕಿ ಬರೆಯುವ ಮೊದಲೇ ಗಣಿತ ಶುರುವಾಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಮಿದ್ದು ಎತ್ತು ಮಾಡುವ ಬೆರಳುಗಳಿಗೆ ಮುಂದೆ ಪೆನ್ಸಿಲ್ ಹಿಡಿಯುವ ಬಲ ಬರುತ್ತದೆ; ಎತ್ತಿಗೆ ಕೋಡು ಎಷ್ಟು, ಕಾಲು ಎಷ್ಟು ಎಂಬ ಲೆಕ್ಕವೂ ಅಲ್ಲೇ ಆಗುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಇಡೀ ಮನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ. ಭಜ್ಜಿಯಲ್ಲಿ ಏನೇನು ಕಾಳು, ಏನೇನು ಪಲ್ಯ ಬಿದ್ದಿದೆ ಎಂದು ಮಗುವಿನಿಂದ ಹೆಸರು ಹೇಳಿಸಿದರೆ ಒಂದೇ ಊಟದಲ್ಲಿ ಹತ್ತಾರು ಶಬ್ದಗಳು ನಾಲಗೆಗೆ ಬರುತ್ತವೆ. ಮುತ್ಯಾ ಹೇಳುವ ಕತೆಯಲ್ಲಿ ‘ಮುಂದ ಏನಾಯ್ತು ಹೇಳು’ ಎಂಬ ತಡೆ ಮಗುವಿಗೆ ಘಟನೆಗಳ ಕ್ರಮವನ್ನು ಕಲಿಸುತ್ತದೆ. ಈ ತಡೆದು ಕೇಳುವ ಬಗೆಯನ್ನೇ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಚಿತ್ರಪುಸ್ತಕದ ಓದಿನಲ್ಲಿ ಪರೀಕ್ಷಿಸಿದರು. ಪೋಷಕರು ಸುಮ್ಮನೆ ಓದಿಹೇಳುವ ಬದಲು ಚಿತ್ರ ತೋರಿಸಿ ಪ್ರಶ್ನೆ ಕೇಳುತ್ತ, ಮಗುವಿನ ಉತ್ತರವನ್ನು ಬೆಳೆಸುತ್ತ ಹೋದಾಗ, ಒಂದೇ ತಿಂಗಳಲ್ಲಿ ಮಕ್ಕಳ ಮಾತು ಗಮನಾರ್ಹವಾಗಿ ಮುಂದೆ ಸಾಗಿತು. ಚಿತ್ರಪುಸ್ತಕಕ್ಕೆ ಓದು ಬರಲೇಬೇಕೆಂದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಿಂದ ತಂದ ಪುಸ್ತಕವನ್ನು ಅಕ್ಷರ ಬಾರದ ಆಯಿಯೂ ಚಿತ್ರ ನೋಡಿ ಕತೆಯಾಗಿಸಬಲ್ಲಳು.

ಭಾಷೆಯ ವಿಚಾರವನ್ನೂ ಇಲ್ಲೇ ಹೇಳಬೇಕು. ಆಳಂದ ತಾಲ್ಲೂಕು ಮಹಾರಾಷ್ಟ್ರದ ಗಡಿಗೆ ತಾಗಿದೆ. ಮನೆಮಾತು ಕೆಲವರಿಗೆ ಕನ್ನಡ, ಕೆಲವರಿಗೆ ದಖನಿ ಉರ್ದು, ಕೆಲವರಿಗೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಶಾಲೆಯ ಕನ್ನಡ ಕೆಡುತ್ತದೆಂದು ತಾಯಿ ತನ್ನ ಮಾತನ್ನು ಬಿಟ್ಟು ಅರೆಬರೆ ಶುದ್ಧಗನ್ನಡದಲ್ಲೋ ಇಂಗ್ಲಿಷ್ ಪದಗಳಲ್ಲೋ ಮಗುವಿನ ಜೊತೆ ಮಾತಾಡಿದರೆ ಸಂಭಾಷಣೆ ಚಿಕ್ಕದಾಗುತ್ತದೆ, ಒಣಗುತ್ತದೆ. ತನಗೆ ಸರಾಗವಾಗಿ ಬರುವ ಮಾತಿನಲ್ಲಿ ಮಾತ್ರ ಆಕೆ ತಮಾಷೆ ಮಾಡಬಲ್ಲಳು, ಕಾರಣ ಹೇಳಬಲ್ಲಳು, ಕತೆ ಕಟ್ಟಬಲ್ಲಳು. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗುವಿಗೆ ಎರಡನೆಯದು ಹತ್ತಿರವಾಗುತ್ತದೆ. ಲಂಬಾಣಿ ತಾಯಿ ಲಂಬಾಣಿಯಲ್ಲೇ ಮಾತಾಡಲಿ; ಕನ್ನಡವನ್ನು ಕೊಡುವ ಹೊಣೆ ಅಂಗನವಾಡಿಯದು.

ಹೊತ್ತು ಎಲ್ಲಿದೆ?

ಇಷ್ಟೆಲ್ಲ ಹೇಳುವಾಗ ತಾಯಿಯ ದಿನಚರಿಯನ್ನು ಮರೆತರೆ ಅದು ಅನ್ಯಾಯ. ನಸುಕಿನಲ್ಲಿ ಎದ್ದು ನೀರು, ರೊಟ್ಟಿ, ದನಕರು ಮುಗಿಸಿ ಕೂಲಿಗೆ ಹೋಗುವವಳಿಗೆ ‘ಮಗುವಿಗೆ ಸಮಯ ಕೊಡಿ’ ಎಂದು ಉಪದೇಶ ಮಾಡುವುದು ಸುಲಭ. ತೊಗರಿ ರಾಶಿಯ ಕಾಲದಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದ ಕುಟುಂಬಗಳ ಮಕ್ಕಳು ಒಂದೋ ಕಟ್ಟಡದ ಮರಳಿನ ಗುಡ್ಡೆಯ ಬಳಿ ಇರುತ್ತಾರೆ, ಇಲ್ಲವೇ ಊರಿನಲ್ಲಿ ಆಯಿ–ಮುತ್ಯಾನ ಬಳಿ. ಆದ್ದರಿಂದ ಮೂರು ಮಾತು.

ಮೊದಲನೆಯದು, ಮಗುವಿಗಾಗಿ ಬೇರೆ ಹೊತ್ತು ಹುಡುಕುವುದು ಬೇಡ. ಸ್ನಾನ, ಊಟ, ದಾರಿ, ಹೊಲ, ಮಲಗಿಸುವಾಗಿನ ಜೋಗುಳ. ಈಗಾಗಲೇ ಮಗುವಿನ ಜೊತೆ ಕಳೆಯುವ ಹೊತ್ತಿಗೆ ಮರುಮಾತು ಸೇರಿದರೆ ಸಾಕು. ಎರಡನೆಯದು, ಈ ಕೆಲಸವನ್ನು ತಾಯಿಯೊಬ್ಬಳ ಹೆಗಲಿಗೆ ಹಾಕಬಾರದು. ಸಭೆಯ ಆಮಂತ್ರಣ ಅಪ್ಪನಿಗೂ ಹೋಗಬೇಕು, ಊರಿನಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಗೂ ಹೋಗಬೇಕು. ಗುಳೆ ಹೋದ ಅಪ್ಪ ಸಂಜೆ ಫೋನ್ ಮಾಡಿದಾಗ ಮಗುವಿನ ಜೊತೆ ಐದು ನಿಮಿಷ ಮಾತಾಡಲಿ. ಮೊಬೈಲು ಮಗುವಿಗೆ ನಿಜವಾಗಿ ನೆರವಾಗುವುದು ಆಗ, ಯಾಕೆಂದರೆ ಆ ಕಡೆ ಉತ್ತರ ಕೊಡುವ ಮನುಷ್ಯನಿದ್ದಾನೆ. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೂರನೆಯದು, ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ ಗ್ರಾಮ ಪಂಚಾಯಿತಿಗಳು ನಡೆಸುವ ‘ಕೂಸಿನ ಮನೆ’ಗಳು ಬರಿಯ ಕಾವಲಿನ ಜಾಗವಾಗಬಾರದು. ಅಲ್ಲಿ ಕೂಸು ನೋಡುವವರಿಗೂ ಇದೇ ತರಬೇತಿ ಸಿಗಬೇಕು.

ಇನ್ನೊಂದು ಒತ್ತಡ ಹೊಸದು. ಮೂರು ವರ್ಷದ ಮಗು ಎಬಿಸಿಡಿ ಒಪ್ಪಿಸಬೇಕು, ಸ್ಲೇಟು ತುಂಬ ಬರೆಯಬೇಕು ಎಂಬ ಆಸೆ ಹಳ್ಳಿಗಳಿಗೂ ಬಂದಿದೆ. ಬಡ ತಂದೆತಾಯಿಯರ ಈ ಆಸೆ ಗೌರವಕ್ಕೆ ಅರ್ಹವಾದದ್ದು. ಮಗು ತಮ್ಮಂತೆ ಬಿಸಿಲಲ್ಲಿ ಬೇಯಬಾರದು ಎಂಬುದೇ ಅದರ ಮೂಲ. ಆದರೆ ಆ ಆಸೆ ಈಡೇರುವ ದಾರಿ ಮಾತು ಮತ್ತು ಆಟದ ಮೂಲಕವೇ ಹೋಗುತ್ತದೆ. ಶಬ್ದಸಂಪತ್ತು ಇಲ್ಲದ ಮಗು ಅಕ್ಷರ ಕೂಡಿಸಿ ಓದಿದರೂ ಓದಿದ್ದು ಅರ್ಥವಾಗುವುದಿಲ್ಲ. ಇದನ್ನು ತಾಯಂದಿರಿಗೆ ಬರಿಯ ಮಾತಿನಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ, ಅವರ ಮಗುವಿನಲ್ಲೇ ತೋರಿಸಬೇಕು.

ಮುಂದಿನ ಸಭೆ

ಹಾಗಾದರೆ ತಾಯಂದಿರ ಸಭೆ ಹೇಗಿರಬೇಕು? ಜಮೈಕಾದಿಂದ ಒಡಿಶಾದವರೆಗೆ ಫಲ ಕೊಟ್ಟ ಕಾರ್ಯಕ್ರಮಗಳಲ್ಲಿ ಒಂದು ಸಾಮಾನ್ಯ ಗುಣವಿದೆ. ಅಲ್ಲಿ ಭಾಷಣವಿರಲಿಲ್ಲ, ಅಭ್ಯಾಸವಿತ್ತು. ಅಂಗನವಾಡಿಯಲ್ಲೂ ಹಾಗೆಯೇ ಮಾಡಬಹುದು. ಮೊದಲ ಹತ್ತು ನಿಮಿಷ, ಕಳೆದ ಸಭೆಯಿಂದೀಚೆಗೆ ಮಗು ಆಡಿದ ಹೊಸ ಮಾತೊಂದನ್ನು ಪ್ರತಿಯೊಬ್ಬರೂ ಹೇಳಲಿ. ಆಮೇಲೆ ಕಾರ್ಯಕರ್ತೆ ಒಂದು ಮಗುವಿನ ಜೊತೆ ಒಂದೇ ಒಂದು ಆಟ ಆಡಿ ತೋರಿಸಲಿ. ಜೋಳದ ದಂಟಿನ ಚೂರುಗಳನ್ನು ಉದ್ದ ಗಿಡ್ಡ ಎಂದು ಜೋಡಿಸುವುದೂ ಆದೀತು. ನಂತರ ಪ್ರತಿ ತಾಯಿ, ಪ್ರತಿ ಅಪ್ಪ ತಮ್ಮ ಮಗುವಿನ ಜೊತೆ ಅದನ್ನೇ ಅಲ್ಲೇ ಆಡಲಿ. ಕಾರ್ಯಕರ್ತೆ ಸುತ್ತಾಡಿ, ತಪ್ಪು ಎತ್ತಿ ತೋರದೆ, ಚೆನ್ನಾಗಿ ಬಂದದ್ದನ್ನು ಹೆಸರು ಹಿಡಿದು ಹೇಳಲಿ: “ಅವ ಹೇಳಾತನಕ ನೀ ತಡದಿ ನೋಡವ್ವ, ಭಾಳ ಚಲೋ ಮಾಡಿದಿ.” ಮನೆಗೆ ಒಯ್ಯಲು ಒಂದು ಆಟ, ಒಂದು ಪುಸ್ತಕ. ಒಟ್ಟು ಒಂದು ತಾಸು. ಸಭೆಯ ಹೊತ್ತು ಕೂಲಿ ಮುಗಿದ ಮೇಲಿರಲಿ, ರಾಶಿಯ ತಿಂಗಳಲ್ಲಿ ಕಣದ ಹತ್ತಿರವೇ ನಡೆಯಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಆಟಿಕೆ ಬೇಡ. ಕಾರ್ಯಕರ್ತೆಯ ಸಮಯ ಬೇಕು. ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬುವುದು, ರಿಜಿಸ್ಟರ್ ಬರೆಯುವುದು, ಸಾಲುಸಾಲು ಸಮೀಕ್ಷೆಗಳು, ಚುನಾವಣೆಯ ಕೆಲಸ ಇವೆಲ್ಲದರ ಕೊನೆಯಲ್ಲಿ ಉಳಿದರೆ ಮಾತ್ರ ತಾಯಂದಿರ ಸಭೆ ಎಂದಾದರೆ ಅದು ಎಂದಿಗೂ ನಡೆಯುವುದಿಲ್ಲ. ವಾರಕ್ಕೊಂದು ತಾಸನ್ನು ಇದಕ್ಕೆಂದೇ ಆಕೆಯ ಕರ್ತವ್ಯದ ಪಟ್ಟಿಯಲ್ಲಿ ಮೀಸಲಿಟ್ಟು, ಆ ಹೊತ್ತಿನಲ್ಲಿ ಬೇರೆ ಕೆಲಸ ಹೇರದಂತೆ ಇಲಾಖೆ ನೋಡಿಕೊಳ್ಳಬೇಕು, ಆ ತಾಸಿಗೆ ತಕ್ಕ ಗೌರವಧನವನ್ನೂ ಕೊಡಬೇಕು. ಇದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸುತ್ತಲಿನ ಊರುಗಳ ಕನ್ನಡ, ದಖನಿ, ಲಂಬಾಣಿ ಮನೆಗಳಲ್ಲಿ ಮಕ್ಕಳ ಮಾತು ಹೇಗೆ ಬೆಳೆಯುತ್ತದೆ ಎಂದು ದಾಖಲಿಸಿ, ಕಾರ್ಯಕರ್ತೆಯರಿಗೆ ಈ ನೆಲದ್ದೇ ಆಟ–ಕತೆಗಳ ಕೈಪಿಡಿ ಮಾಡಿಕೊಡುವ ಕೆಲಸವನ್ನು ಅದು ಎತ್ತಿಕೊಳ್ಳಬಹುದು.

ಕೇಂದ್ರಗಳ ತಪಾಸಣೆಗೆ ಬರುವ ಅಧಿಕಾರಿಗಳು ತೂಕದ ಪಟ್ಟಿ ನೋಡುತ್ತಾರೆ, ಹಾಜರಾತಿ ನೋಡುತ್ತಾರೆ, ಮಗುವಿನಿಂದ ಅಆಇಈ ಹೇಳಿಸುತ್ತಾರೆ. ಇನ್ನು ಮೇಲೆ ಒಂದು ಪ್ರಶ್ನೆಯನ್ನು ಅವರು ತಾಯಂದಿರಿಗೂ ಅಪ್ಪಂದಿರಿಗೂ ಕೇಳಲಿ: “ಈ ವಾರ ನಿಮ್ಮ ಕೂಸು ನಿಮಗೆ ಏನು ಕೇಳಿತು, ನೀವೇನು ಹೇಳಿದಿರಿ?” ಕಿಣ್ಣಿ ಸುಲ್ತಾನದ ತಾಯಿಯೊಬ್ಬಳು ಇದಕ್ಕೆ ತಡವರಿಸದೆ ಉತ್ತರಿಸಿದಳೆಂದರೆ ಆ ಅಂಗನವಾಡಿ ತನ್ನ ಕೆಲಸ ಮಾಡಿದೆ ಎಂದೇ ಲೆಕ್ಕ. ಆಕೆ ಹಾಕುವುದು ಸಹಿಯೋ ಹೆಬ್ಬೆಟ್ಟೋ ಎಂಬುದರಿಂದ ಆ ಲೆಕ್ಕ ಬದಲಾಗುವುದಿಲ್ಲ.